ಪೆಟ್ರೋಲಿಗೆ ಬೆರೆಸಿದ ವಸ್ತುಗಳ ಕಥೆ

ಭದ್ರಾವತಿಯಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಇತ್ತೀಚೆಗೆ ಹೊಸ ಕಾರನ್ನು ಕೊಂಡನು. ಮೊದಲನೆಯ ಸರ್ವೀಸಿಗೆ ಹೋದಾಗ ಅಲ್ಲಿ ಕೌಂಟರಿನಲ್ಲಿದ್ದವರು ಒಂದು ಚಿಕ್ಕ ಬಾಟಲಿಯನ್ನು ತೋರಿಸಿ, ಇದನ್ನು ಆಗಾಗ ಪೆಟ್ರೋಲ್ ಟ್ಯಾಂಕಿಗೆ ಸುರಿಯದಿದ್ದರೆ ಎಂಜಿನ್ ಬೇಗನೆ ಹಾಳಾಗುವುದೆಂದು ಹೇಳಿದರಂತೆ. ಆ ಬಾಟಲಿಯ ಬೆಲೆಯಲ್ಲಿ ನಾಲ್ಕೈದು ಲೀಟರ್ ಪೆಟ್ರೋಲ್ ಬರುತ್ತದೆ. "ಸರ್, ಹಾಕಿಸಬೇಕೋ ಬೇಡವೋ ನೀವೇ ಹೇಳಿ" ಎಂದು ದೂರವಾಣಿಯಲ್ಲಿ ಕೇಳಿದನು.

ನಾನು ಎಂಜಿನಿಯರನಲ್ಲ. ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಇತಿಹಾಸವನ್ನೂ ಭೂಗೋಳವನ್ನೂ ಬೋಧಿಸಿದವನು. ಆದರೂ ಹಳೆಯ ವಿದ್ಯಾರ್ಥಿಗಳಿಗೆ ಮೇಷ್ಟ್ರಿಗೆ ಗೊತ್ತಿಲ್ಲದ ವಿಷಯವೇ ಇಲ್ಲವೆಂಬ ನಂಬಿಕೆ ಉಳಿದಿರುತ್ತದೆ; ಅದನ್ನು ಪೂರ್ತಿ ಕೆಡಿಸುವ ಮನಸ್ಸು ನನಗೂ ಇಲ್ಲ. "ಕಾರಿನ ಜೊತೆ ಕೊಟ್ಟ ಕೈಪಿಡಿಯಲ್ಲಿ ಹಾಕಬೇಕೆಂದು ಬರೆದಿದ್ದರೆ ಹಾಕಿಸು, ಇಲ್ಲದಿದ್ದರೆ ಬೇಡ ಮಾರಾಯ" ಎಂದೆ. "ಬೇಡ ಅಂದ್ರೆ ಮತ್ತೆ ಯಾಕೆ ಸರ್ ಮಾರ್ತಾರೆ?" ಎಂದು ಅವನು ಮರುಪ್ರಶ್ನೆ ಹಾಕಿದನು. ಈ ಎರಡನೆಯ ಪ್ರಶ್ನೆಗೆ ಉತ್ತರ ಇತಿಹಾಸದಲ್ಲಿದೆ. ದೂರವಾಣಿಯಲ್ಲಿ ಹೇಳಿ ಮುಗಿಸುವಷ್ಟು ಚಿಕ್ಕದಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ. ಹೊಸ ಕಾರು ಕೊಂಡಿರುವ, ಕೊಳ್ಳಲಿರುವ ಇತರರೂ ಓದಲಿ.

ಬಾಟಲಿಯ ಮಾತನ್ನು ನಮ್ಮ ಜನ ಇಷ್ಟು ಸುಲಭವಾಗಿ ಏಕೆ ನಂಬುತ್ತಾರೆಂಬುದನ್ನು ಮೊದಲು ನೋಡೋಣ. ನನ್ನ ವಯಸ್ಸಿನವರಿಗೆ ಬರಿಯ ಪೆಟ್ರೋಲಿನಲ್ಲಿ ಗಾಡಿ ಓಡಿಸಿ ಅಭ್ಯಾಸವೇ ಇರಲಿಲ್ಲ. 1980ರ ದಶಕದಲ್ಲಿ ನಮ್ಮ ಶಿವಮೊಗ್ಗ ಸೀಮೆಯಲ್ಲಿ ಓಡಾಡುತ್ತಿದ್ದ ದ್ವಿಚಕ್ರ ವಾಹನಗಳಲ್ಲಿ ಬಹುಪಾಲು ಟೂ ಸ್ಟ್ರೋಕ್ ಗಾಡಿಗಳು: ಬಜಾಜ್ ಚೇತಕ್, ಲ್ಯಾಂಬ್ರೆಟಾ, ರಾಜದೂತ್, ಲೂನಾ, ಮತ್ತು ನಮ್ಮ ಮೈಸೂರಿನದೇ ಹೆಮ್ಮೆಯ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಈ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಮಲೆನಾಡಿನ ತೋಟದ ಮನೆಗಳ ಅಂಗಳದಲ್ಲಿ ಒಂದು ಯೆಜ್ಡಿ ನಿಂತಿರುವುದು ಅಂದಿನ ದಿನಗಳಲ್ಲಿ ಸಾಮಾನ್ಯ ನೋಟವಾಗಿತ್ತು.

ಈ ಗಾಡಿಗಳ ಎಂಜಿನ್ನಿನಲ್ಲಿ ಪೆಟ್ರೋಲಿನ ಆವಿಯು ಕ್ರ್ಯಾಂಕ್ ತಿರುಗುವ ಕೋಣೆಯ ಮೂಲಕವೇ ಸಿಲಿಂಡರಿಗೆ ಹೋಗುತ್ತಿತ್ತು. ಆದುದರಿಂದ ಕಾರಿನಲ್ಲಿರುವಂತೆ ಕೆಳಗೆ ಪ್ರತ್ಯೇಕವಾಗಿ ಎಣ್ಣೆಯನ್ನು ತುಂಬಿಡಲು ಅಲ್ಲಿ ಸ್ಥಳವಿರಲಿಲ್ಲ. ಬೇರಿಂಗಿಗೂ ಪಿಸ್ಟನ್ನಿಗೂ ಬೇಕಾದ ಎಣ್ಣೆ ಪೆಟ್ರೋಲಿನೊಂದಿಗೇ ಬೆರೆತು ಹೋಗಬೇಕಿತ್ತು. ಕೆಲಸ ಮಾಡಿ, ಪೆಟ್ರೋಲಿನೊಂದಿಗೇ ಸುಟ್ಟು, ನೀಲಿ ಹೊಗೆಯಾಗಿ ಹೊರಗೆ ಬರಬೇಕಿತ್ತು. ಪೆಟ್ರೋಲ್ ಬಂಕಿನಲ್ಲಿ ಹುಡುಗ ಮೊದಲು ಕೇಳುತ್ತಿದ್ದುದು "ಆಯಿಲ್ ಎಷ್ಟು ಸಾರ್?" ಎಂದು. ಗಾಜಿನ ಪಾತ್ರೆಯಲ್ಲಿದ್ದ ಟೂ-ಟಿ ಆಯಿಲನ್ನು ಕೈಪಂಪಿನಿಂದ ಅಳೆದು, ಲೀಟರಿಗೆ ಸುಮಾರು 20 ಮಿಲಿಲೀಟರಿನಂತೆ ಟ್ಯಾಂಕಿಗೆ ಬಿಟ್ಟು, ಮೇಲೆ ಪೆಟ್ರೋಲ್ ಹಾಕಿ, ಗಾಡಿಯನ್ನು ಒಮ್ಮೆ ಅತ್ತಿತ್ತ ಅಲುಗಾಡಿಸುತ್ತಿದ್ದರು. ಎಣ್ಣೆ ಮರೆತವನ ಗಾಡಿ ಹತ್ತಾರು ಕಿಲೋಮೀಟರಿನೊಳಗೆ ಪಿಸ್ಟನ್ ಹಿಡಿದುಕೊಂಡು ನಿಂತುಬಿಡುತ್ತಿತ್ತು. ಸಕ್ರೆಬೈಲಿನಿಂದ ಶಿವಮೊಗ್ಗೆಗೆ 14 ಕಿಲೋಮೀಟರ್. ಗಾಜನೂರು ದಾಟುವಷ್ಟರಲ್ಲಿ ರಸ್ತೆಯ ಬದಿಯಲ್ಲಿ ಹೀಗೆ ನಿಂತ ಒಂದು ಸ್ಕೂಟರಾದರೂ ಸಿಗುತ್ತಿತ್ತು. ಚಳಿಗಾಲದ ಬೆಳಿಗ್ಗೆ ಬಿಡಾರದ ಆನೆಗಳು ತುಂಗೆಯ ಹಿನ್ನೀರಿನಿಂದ ಮೇಲೆ ಬರುವ ಹೊತ್ತಿಗೆ ಮಂಜಿನ ಜೊತೆ ಈ ನೀಲಿ ಹೊಗೆಯೂ ಸೇರಿ ರಸ್ತೆಯ ಮೇಲೆ ತೇಲುತ್ತಿದ್ದುದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಅಂದರೆ ಒಂದು ಇಡೀ ತಲೆಮಾರು "ಪೆಟ್ರೋಲಿಗೆ ಏನನ್ನಾದರೂ ಬೆರೆಸಲೇಬೇಕು" ಎಂಬುದನ್ನು ಅನುಭವದಿಂದಲೇ ಕಲಿತಿತ್ತು. ಅದು ಮೂಢನಂಬಿಕೆಯಲ್ಲ, ಆ ಎಂಜಿನ್ನಿಗೆ ಅದು ನಿಜವಾಗಿತ್ತು. ಇಂದಿನ ಕಾರು ಫೋರ್ ಸ್ಟ್ರೋಕ್. ಅದರ ಎಣ್ಣೆ ಪ್ರತ್ಯೇಕ ತಳಪಾತ್ರೆಯಲ್ಲಿರುತ್ತದೆ. ಗಾಡಿ ಬದಲಾದರೂ ಮನಸ್ಸಿನ ಅಭ್ಯಾಸ ಉಳಿಯಿತು. ತಂದೆಯಿಂದ ಮಗನಿಗೂ ಬಂದಿತು.

ಇನ್ನೂ ಹಿಂದಕ್ಕೆ ಹೋದರೆ ಬೇರೊಂದು ಕಾರಣ ಸಿಗುತ್ತದೆ. ಹಳೆಯ ಅಂಬಾಸಿಡರ್ ಕಾರಿನಲ್ಲಿ ಏಳೆಂಟು ಜನ ತುಂಬಿಕೊಂಡು ಆಗುಂಬೆ ಘಾಟಿಯನ್ನು ಹತ್ತಿದವರಿಗೆ ಎಂಜಿನ್ನಿನೊಳಗಿಂದ ಬರುತ್ತಿದ್ದ ಟಕಟಕ ಸದ್ದು ನೆನಪಿರಬಹುದು. ಡ್ರೈವರುಗಳು ಅದನ್ನು ನಾಕಿಂಗ್ ಎನ್ನುತ್ತಿದ್ದರು. ಸಿಲಿಂಡರಿನಲ್ಲಿ ಪೆಟ್ರೋಲು ಕಿಡಿಯಿಂದ ಹೊತ್ತಿ ಸಾವಧಾನವಾಗಿ ಹರಡಿ ಉರಿಯಬೇಕು. ಹಾಗಾಗದೆ ಒತ್ತಡದಿಂದ ಒಂದು ಮೂಲೆಯಲ್ಲಿ ತಾನೇ ಸಿಡಿದರೆ ಪಿಸ್ಟನ್ನಿನ ತಲೆಗೆ ಸುತ್ತಿಗೆಯಿಂದ ಹೊಡೆದಂತಾಗುತ್ತದೆ. ಹೀಗೆ ಸಿಡಿಯದಂತೆ ತಡೆದುಕೊಳ್ಳುವ ಶಕ್ತಿಗೆ ಆಕ್ಟೇನ್ ಎಂಬ ಅಳತೆಯಿದೆ. ಮೊದಲನೆಯ ಮಹಾಯುದ್ಧದ ಸುಮಾರಿಗೆ ಪೆಟ್ರೋಲಿನ ಗುಣಮಟ್ಟ ಕಳಪೆಯಾಗಿತ್ತು; ಎಂಜಿನ್ನುಗಳನ್ನು ಹೆಚ್ಚು ಶಕ್ತಿಯುತವಾಗಿ ಮಾಡಬೇಕೆಂದರೆ ಈ ನಾಕಿಂಗ್ ಅಡ್ಡ ಬರುತ್ತಿತ್ತು.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಚಾರ್ಲ್ಸ್ ಕೆಟರಿಂಗ್ ಎಂಬವನ ಕೈಕೆಳಗೆ ಥಾಮಸ್ ಮಿಜ್ಲಿ ಎಂಬ ಎಂಜಿನಿಯರನು ಇದಕ್ಕೆ ಪರಿಹಾರ ಹುಡುಕುತ್ತಿದ್ದನು. ಮದ್ಯಸಾರವನ್ನು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಅದನ್ನು ಬಹಳ ಪ್ರಮಾಣದಲ್ಲಿ ಬೆರೆಸಬೇಕು. ಯಾರು ಬೇಕಾದರೂ ಭಟ್ಟಿ ಇಳಿಸಿ ಮಾಡಬಹುದಾದ ವಸ್ತುವಾದುದರಿಂದ ಅದಕ್ಕೆ ಪೇಟೆಂಟೂ ಸಿಗದು. 1921ರ ಡಿಸೆಂಬರಿನಲ್ಲಿ ಮಿಜ್ಲಿ ಟೆಟ್ರಾಈಥೈಲ್ ಸೀಸ ಎಂಬ ರಾಸಾಯನಿಕವನ್ನು ಪರೀಕ್ಷಿಸಿದನು. ಸಾವಿರ ಪಾಲು ಪೆಟ್ರೋಲಿಗೆ ಒಂದು ಪಾಲಿಗಿಂತಲೂ ಕಡಿಮೆ ಬೆರೆಸಿದರೆ ಸಾಕಾಗುತ್ತಿತ್ತು. 1923ರ ಫೆಬ್ರವರಿಯಲ್ಲಿ ಒಹಾಯೊ ರಾಜ್ಯದ ಡೇಟನ್ ನಗರದ ಒಂದು ಬಂಕಿನಲ್ಲಿ ಸೀಸ ಬೆರೆತ ಪೆಟ್ರೋಲು ಮೊದಲ ಸಲ ಮಾರಾಟವಾಯಿತು. ಅದಕ್ಕೆ "ಈಥೈಲ್" ಎಂದು ಹೆಸರಿಟ್ಟರು. ಸೀಸ ಎಂಬ ಪದ ಹೆಸರಿನಲ್ಲಿ ಎಲ್ಲಿಯೂ ಬರದಂತೆ ನೋಡಿಕೊಂಡರು. ಸೀಸ ವಿಷವೆಂಬುದು ರೋಮನರ ಕಾಲದಿಂದ ಗೊತ್ತಿದ್ದ ಸಂಗತಿಯಷ್ಟೆ.

ಇತಿಹಾಸದ ಮೇಷ್ಟ್ರಿಗೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವ ಚಟ. ಡೇಟನ್ನಿನ ಆ ಬಂಕಿಗಿಂತ ಕೆಲವೇ ದಿನ ಹಿಂದೆ, 1923ರ ಜನವರಿ 18ರಂದು, ನಮ್ಮ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಬೆಂಕಿಪುರವೆಂದು ಕರೆಯಲ್ಪಡುತ್ತಿದ್ದ ಊರು ಅದು. ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲವಾದುದರಿಂದ ಮಲೆನಾಡಿನ ಕಾಡಿನ ಮರವನ್ನೇ ಇದ್ದಿಲು ಮಾಡಿ ಕುಲುಮೆಗೆ ಹಾಕುತ್ತಿದ್ದರು. ಸುಮ್ಮನೆ ಗುಂಡಿ ತೋಡಿ ಇದ್ದಿಲು ಸುಟ್ಟರೆ ಹೊಗೆಯೆಲ್ಲ ವ್ಯರ್ಥ. ಇಲ್ಲಿ ಮುಚ್ಚಿದ ಪಾತ್ರೆಗಳಲ್ಲಿ ಮರವನ್ನು ಕಾಯಿಸಿ, ಹೊರಟ ಹೊಗೆಯನ್ನು ತಣ್ಣಗಾಗಿಸಿ, ಅದರಿಂದ ಟಾರು, ಅಸಿಟೇಟ್ ಸುಣ್ಣ ಮತ್ತು ಮರದ ಮದ್ಯಸಾರವನ್ನು ತೆಗೆಯುವ ಮರ ಬಟ್ಟಿಯಿಳಿಸುವ ವಿಭಾಗವನ್ನೇ ಸ್ಥಾಪಿಸಿದ್ದರು. ದಿವಾನರಾಗಿದ್ದಾಗ ಈ ಕಾರ್ಖಾನೆಯ ಯೋಜನೆಗೆ ಬಲವಾಗಿ ನಿಂತವರು ಸರ್ ಎಂ. ವಿಶ್ವೇಶ್ವರಯ್ಯನವರು, ದಿವಾನಗಿರಿಯನ್ನು ಬಿಟ್ಟ ಮೇಲೆ, ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ, ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ಎತ್ತಿ ನಿಲ್ಲಿಸಿದವರೂ ಅವರೇ.

ಮರದ ಮದ್ಯಸಾರವೆಂದರೆ ಮೆಥನಾಲ್. ಕುಡಿದರೆ ಕಣ್ಣು ಹೋಗುವ, ಪ್ರಾಣವೂ ಹೋಗುವ ವಿಷ. ಆದರೆ ಎಂಜಿನ್ನಿನಲ್ಲಿ ನಾಕಿಂಗನ್ನು ತಡೆಯುವ ಗುಣ ಅದಕ್ಕೂ ಉಂಟು. ಭದ್ರಾವತಿಯಲ್ಲಿ ಅದನ್ನು ತೆಗೆದದ್ದು ಮೋಟಾರಿಗಾಗಿ ಅಲ್ಲ, ಇದ್ದಿಲಿನ ಉಪ-ಉತ್ಪನ್ನವಾಗಿ. ಆದರೂ ಡೇಟನ್ನಿನಲ್ಲಿ ಪೆಟ್ರೋಲಿಗೆ ಸೀಸ ಬೀಳುತ್ತಿದ್ದ ಅದೇ ಕಾಲದಲ್ಲಿ ನಮ್ಮ ಭದ್ರಾ ದಂಡೆಯ ಕಾರ್ಖಾನೆಯಲ್ಲಿ ಮದ್ಯಸಾರ ತೊಟ್ಟಿಕ್ಕುತ್ತಿತ್ತೆಂಬುದನ್ನು ನಾನು ತರಗತಿಯಲ್ಲಿ ಹೇಳಿದಾಗಲೆಲ್ಲ ಭದ್ರಾವತಿ ಕಡೆಯ ಮಕ್ಕಳು ನೆಟ್ಟಗೆ ಕೂರುತ್ತಿದ್ದರು.

ಮೋಟಾರಿಗೆ ಮದ್ಯಸಾರ ಬೆರೆಸಿದ ಕೀರ್ತಿ ಮಂಡ್ಯಕ್ಕೆ ಸಲ್ಲುತ್ತದೆ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಲ್ಲಿ ಕಬ್ಬಿನ ಕಾಕಂಬಿ ರಾಶಿ ರಾಶಿಯಾಗಿ ಉಳಿಯುತ್ತಿತ್ತು. ಅದನ್ನು ಹುಳಿಸಿ, ಭಟ್ಟಿಯಿಳಿಸಿ, ನೀರಿನ ಅಂಶವನ್ನು ಪೂರ್ತಿ ತೆಗೆದು ಮಾಡಿದ ಎಥನಾಲಿಗೆ "ಪವರ್ ಆಲ್ಕೋಹಾಲ್" ಎಂಬ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದರ ಬೆಲೆ ಎಲ್ಲರಿಗೂ ತಿಳಿಯಿತು. ಅದೇ ಕಾಲದಲ್ಲಿ ಬಸ್ಸುಗಳ ಹಿಂದೆ ದೊಡ್ಡ ಡ್ರಮ್ಮಿನಂಥ ಒಲೆಯನ್ನು ಕಟ್ಟಿ, ಇದ್ದಿಲು ತುಂಬಿ, ಅದರ ಅನಿಲದಿಂದ ಎಂಜಿನ್ ಓಡಿಸುತ್ತಿದ್ದರು. ಹೊರಡುವ ಮುನ್ನ ಕ್ಲೀನರನು ಅರ್ಧ ಗಂಟೆ ತಿದಿ ತಿರುಗಿಸಬೇಕಿತ್ತೆಂದೂ, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಿತ್ತೆಂದೂ ನನ್ನ ತಂದೆಯವರು ನಗುತ್ತ ಹೇಳುತ್ತಿದ್ದರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತೀಯ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತು. ಪೆಟ್ರೋಲು ಮತ್ತೆ ಅಗ್ಗವಾಗಿ ಸಿಗತೊಡಗಿದಂತೆ ಎಲ್ಲರೂ ಅದನ್ನು ಮರೆತರು. 2000ನೇ ಇಸವಿಯಲ್ಲಿ ಆ ಕಾಯಿದೆಯನ್ನು ರದ್ದುಪಡಿಸಿದರು. ಮೂರೇ ವರ್ಷಗಳಲ್ಲಿ, 2003ರಲ್ಲಿ, ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡಾ 5 ಎಥನಾಲ್ ಬೆರೆಸಬೇಕೆಂಬ ಆಜ್ಞೆಯಾಯಿತು! ಸರ್ಕಾರಗಳ ನೆನಪು ಎಷ್ಟು ಚಿಕ್ಕದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಸೀಸದ ವಿಷಯಕ್ಕೆ ಮರಳುತ್ತೇನೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇನೆ.

1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ಎಂಬಲ್ಲಿ ಈ ಸೀಸದ ದ್ರವವನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಒಬ್ಬೊಬ್ಬರಾಗಿ ಭ್ರಮೆ ಹಿಡಿಯಿತು. ಇಲ್ಲದ ಹುಳುಗಳು ಮೈಮೇಲೆ ಹರಿದಂತೆ ಕೈ ಬೀಸತೊಡಗಿದರು. ಕೆಲವೇ ದಿನಗಳಲ್ಲಿ ಐದು ಮಂದಿ ಸತ್ತರು. ಹಲವರು ಆಸ್ಪತ್ರೆ ಸೇರಿದರು. ಪತ್ರಿಕೆಗಳು ಅದನ್ನು "ಹುಚ್ಚಿನ ಗ್ಯಾಸ್" ಎಂದು ಕರೆದವು. ಅದೇ ತಿಂಗಳ ಕೊನೆಯಲ್ಲಿ ಮಿಜ್ಲಿ ಪತ್ರಕರ್ತರನ್ನು ಕರೆಸಿ, ಅವರೆದುರಿಗೆ ಆ ದ್ರವದಲ್ಲಿ ಕೈ ತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದನು. ಆತನು ಸ್ವತಃ ಸೀಸದ ವಿಷದಿಂದ ಬಳಲಿ ಹಿಂದಿನ ವರ್ಷವೇ ರಜೆಯ ಮೇಲೆ ಹೋಗಿ ಬಂದಿದ್ದನು. 1925ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಸರ್ಕಾರವು ಒಂದು ಸಭೆ ಕರೆಯಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಈ ಸೀಸವನ್ನು ಬಲವಾಗಿ ವಿರೋಧಿಸಿದರು. ಅವರ ಮಾತು ನಡೆಯಲಿಲ್ಲ. ಮಾರಾಟ ಸ್ವಲ್ಪ ಕಾಲ ನಿಂತು ಮತ್ತೆ ಶುರುವಾಯಿತು. ಮುಂದೆ ಅದು ಲೋಕವನ್ನೆಲ್ಲ ವ್ಯಾಪಿಸಿತು, ನಮ್ಮ ದೇಶವನ್ನೂ.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸೀಸ ಎಂಜಿನ್ನಿನೊಳಗೇ ಅಂಟಿಕೊಂಡರೆ ಸ್ಪಾರ್ಕ್ ಪ್ಲಗ್ಗೂ ವಾಲ್ವೂ ಕೆಡುತ್ತಿದ್ದವು. ಅದಕ್ಕಾಗಿ ಸೀಸವನ್ನು ಅನಿಲವಾಗಿಸಿ ಹೊರಗೆ ಕಳುಹಿಸುವ ಮತ್ತೊಂದು ರಾಸಾಯನಿಕವನ್ನು ಅದರೊಂದಿಗೆ ಸೇರಿಸಿದರು. ಎಂಜಿನ್ನು ಸ್ವಚ್ಛವಾಯಿತು; ಸೀಸವು ಹೊಗೆಕೊಳವೆಯಿಂದ ಹೊರಬಂದು ರಸ್ತೆಯ ಧೂಳಿಗೆ ಸೇರಿತು. ಆ ಧೂಳಿನಲ್ಲಿ ಆಡುವವರು ಯಾರು? ಮಕ್ಕಳು.

ಅಮೆರಿಕದಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಒಂದು ವಿಶೇಷವಾದ ಅಧ್ಯಯನ ನಡೆಸಿ 1979ರಲ್ಲಿ ಪ್ರಕಟಿಸಿದರು. ಮೊದಲ ಮತ್ತು ಎರಡನೆಯ ತರಗತಿಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿದರು. ರಕ್ತದಲ್ಲಿನ ಸೀಸ ಕೆಲವು ವಾರಗಳಲ್ಲಿ ಇಳಿಯುತ್ತದೆ, ಹಲ್ಲಿನಲ್ಲಿ ಸೇರಿದ್ದು ಹಾಗೆಯೇ ಉಳಿದಿರುತ್ತದೆ. ಇನ್ನೊಂದು ಕಡೆ, ಆ ಮಕ್ಕಳ ಉಪಾಧ್ಯಾಯರಿಗೆ ಒಂದು ನಮೂನೆ ಕೊಟ್ಟು, ಮಗು ಪಾಠದಲ್ಲಿ ಗಮನವಿಡುತ್ತದೆಯೇ, ಹೇಳಿದ್ದನ್ನು ಅನುಸರಿಸುತ್ತದೆಯೇ, ಹಿಡಿದ ಕೆಲಸವನ್ನು ಮುಗಿಸುತ್ತದೆಯೇ ಎಂದು ಕೇಳಿದರು. ಯಾವ ಮಗುವಿನ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂಬುದು ಉಪಾಧ್ಯಾಯರಿಗೆ ಗೊತ್ತಿರಲಿಲ್ಲ. ಹಲ್ಲಿನಲ್ಲಿ ಸೀಸ ಹೆಚ್ಚಾದಂತೆ ಉಪಾಧ್ಯಾಯರ ದೂರುಗಳೂ ಮೆಟ್ಟಿಲು ಹತ್ತಿದಂತೆ ಏರುತ್ತ ಹೋದವು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿಯೂ ಅಂತಹ ಮಕ್ಕಳು ಹಿಂದೆ ಬಿದ್ದಿದ್ದರು. ಅವರಲ್ಲಿ ಯಾರಿಗೂ ಹೊರಗೆ ಕಾಣುವ ಕಾಯಿಲೆ ಇರಲಿಲ್ಲ.

ನಾನು ಈ ಅಧ್ಯಯನದ ವಿಷಯ ಓದಿದ್ದು ನಿವೃತ್ತಿಯ ನಂತರ. ಅಂಥ ನಮೂನೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲವಾದರೂ ಆ ಪ್ರಶ್ನೆಗಳೆಲ್ಲ ನನಗೆ ಪರಿಚಿತವಾದವುಗಳೇ. ಸಿಬ್ಬಂದಿ ಕೊಠಡಿಯಲ್ಲಿ ನಾವು ದಿನವೂ ಆಡುತ್ತಿದ್ದ ಮಾತುಗಳು ಅವು. "ಕೂತಲ್ಲಿ ಕೂರೋದಿಲ್ಲ", "ಹೇಳಿದ್ದು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹೋಗುತ್ತೆ". ಮಕ್ಕಳ ಗಮನ ಚಂಚಲವಾಗಲು ನೂರು ಕಾರಣಗಳಿರುತ್ತವೆ. ಬಡತನ, ಹಸಿವು, ಮನೆಯ ಜಗಳ, ನಮ್ಮ ನೀರಸ ಪಾಠ. ಹೊರಗೆ ಬೀದಿಯಲ್ಲಿ ಓಡುವ ಗಾಡಿಗಳ ಪೆಟ್ರೋಲಿಗೆ ಬೆರೆಸಿದ ಒಂದು ವಸ್ತುವೂ ಆ ಪಟ್ಟಿಯಲ್ಲಿ ಇರಬಹುದೆಂದು ಬಿ.ಎಡ್. ತರಗತಿಯ ಮನೋವಿಜ್ಞಾನದ ಪಾಠದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಲೀಟರ್ ಪೆಟ್ರೋಲಿಗೆ 0.56 ಗ್ರಾಂವರೆಗೆ ಸೀಸವಿರಲು ಅನುಮತಿಯಿದ್ದ ಕಾಲವದು.

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಎತ್ತಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ, ಅಂದು ಅಪಾಯದ ಗೆರೆಯೆಂದು ಎಣಿಸಿದ್ದ ಮಟ್ಟವನ್ನು ಅರ್ಧಕ್ಕಿಂತ ಹೆಚ್ಚು ಮಕ್ಕಳು ದಾಟಿದ್ದರು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇದರ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನವೂ ನಡೆಯಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿರುದ್ಧದ ಕೆಲಸಕ್ಕೆ ಜೀವನವನ್ನೇ ಮುಡಿಪಿಟ್ಟರು. 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗಾಗಿ ಸೀಸರಹಿತ ಪೆಟ್ರೋಲು ಬಂದಿತ್ತು. 2000ದ ಫೆಬ್ರವರಿ 1ರಿಂದ ಅದು ದೇಶದ ಎಲ್ಲ ಬಂಕುಗಳಿಗೂ ಕಡ್ಡಾಯವಾಯಿತು. ನನ್ನ ಓದುಗರಲ್ಲಿ ಅದಕ್ಕೂ ಮೊದಲು ಶಾಲೆ ಮುಗಿಸಿದವರು, ಅಂದರೆ ಈಗ ನಲವತ್ತು ದಾಟಿದವರೆಲ್ಲ, ಸೀಸದ ಪೆಟ್ರೋಲಿನ ಕಾಲದಲ್ಲಿ ಬೆಳೆದವರು. ಜಗತ್ತಿನಲ್ಲಿ ಕಟ್ಟಕಡೆಗೆ ಅದನ್ನು ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರ ಜುಲೈಯಲ್ಲಿ. ಡೇಟನ್ನಿನ ಬಂಕಿನಿಂದ ಅಲ್ಲಿಗೆ 98 ವರ್ಷ.

ಸೀಸವನ್ನು ತೆಗೆಯಲು ಮಕ್ಕಳ ಆರೋಗ್ಯವೊಂದೇ ಕಾರಣವಾಗಿರಲಿಲ್ಲ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಕಾರುಗಳಿಗೆ ಬಂದಿತು. ಸೀಸ ತಾಗಿದರೆ ಅದು ಕೆಟ್ಟುಹೋಗುತ್ತಿತ್ತು.

ಚಿಕ್ಕ ಬಾಟಲಿಗಳ ವ್ಯಾಪಾರ ಈ ಬದಲಾವಣೆಯಿಂದ ಒಂದು ನೆಪವನ್ನು ಪಡೆಯಿತು. ಸೀಸವು ಹಳೆಯ ಎಂಜಿನ್ನಿನ ವಾಲ್ವ್ ಕೂರುವ ಜಾಗಕ್ಕೆ ತೆಳುವಾದ ಲೇಪದಂತೆ ರಕ್ಷಣೆ ಕೊಡುತ್ತಿತ್ತು. ಸೀಸ ಹೋದ ಮೇಲೆ ಮೆದು ಲೋಹದ ಹಳೆಯ ಎಂಜಿನ್ನುಗಳಿಗೆ ಅದರ ಬದಲಿಗೆ ಏನಾದರೂ ಬೇಕಾಯಿತು. ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರಿಗೆ ಅದು ನಿಜವಾದ ಅಗತ್ಯ. ಹೊಸ ಕಾರುಗಳಲ್ಲಿ ಆ ಜಾಗಕ್ಕೆ ಗಟ್ಟಿ ಲೋಹವನ್ನೇ ಕೂರಿಸಿರುತ್ತಾರೆ.

ಇನ್ನೊಂದು ನೆಪ ಶುಚಿಗೊಳಿಸುವಿಕೆ. ಕಾರ್ಬುರೇಟರ್ ಹೋಗಿ, ಕಾರುಗಳ ಹಿಂಬದಿಯಲ್ಲಿ ಎಂ.ಪಿ.ಎಫ್.ಐ. ಎಂಬ ಅಕ್ಷರಗಳನ್ನು ಹೆಮ್ಮೆಯಿಂದ ಅಂಟಿಸತೊಡಗಿದ ಕಾಲ ನೆನಪಿದೆಯಲ್ಲವೇ? ಆ ಇಂಜೆಕ್ಟರುಗಳ ರಂಧ್ರಗಳು ಬಹಳ ಸಣ್ಣವು. ಜಿಡ್ಡು ಕಟ್ಟಿದರೆ ಪೆಟ್ರೋಲಿನ ಸಿಂಪಡಣೆ ಹದ ತಪ್ಪುತ್ತದೆ. ಅಮೆರಿಕದಲ್ಲಿ 1980ರ ದಶಕದಲ್ಲಿ ಈ ತೊಂದರೆ ಎಷ್ಟಾಯಿತೆಂದರೆ, 1995ರಿಂದ ಅಲ್ಲಿ ಮಾರುವ ಎಲ್ಲ ಪೆಟ್ರೋಲಿಗೂ ಶುಚಿಕಾರಕವನ್ನು ಮೊದಲೇ ಬೆರೆಸಿರಬೇಕೆಂದು ಕಾನೂನು ಮಾಡಿದರು. ನಮ್ಮಲ್ಲಿ 2002ರ ಸುಮಾರಿಗೆ ತೈಲ ಕಂಪನಿಗಳು ಶುಚಿಕಾರಕ ಬೆರೆಸಿದ ಪೆಟ್ರೋಲನ್ನು ಬೇರೆ ಹೆಸರಿನಲ್ಲಿ, ಒಂದೆರಡು ರೂಪಾಯಿ ಹೆಚ್ಚು ಬೆಲೆಗೆ ಮಾರತೊಡಗಿದವು. ಬಾಟಲಿಗಳಲ್ಲಿ ಬರುವುದೂ ಬಹುಮಟ್ಟಿಗೆ ಇದೇ ಜಾತಿಯ ಶುಚಿಕಾರಕ. ಎಂಬತ್ತು ಸಾವಿರ, ಲಕ್ಷ ಕಿಲೋಮೀಟರ್ ಓಡಿ ಜಿಡ್ಡು ಕಟ್ಟಿದ ಎಂಜಿನ್ನಿಗೆ ಒಳ್ಳೆಯ ಶುಚಿಕಾರಕ ಉಪಯೋಗಕ್ಕೆ ಬರಬಹುದು. ಸಾವಿರ ಕಿಲೋಮೀಟರ್ ಓಡಿದ ಕಾರಿನಲ್ಲಿ ತೊಳೆಯಲು ಏನಿದೆ? ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಗೇ ಸಿಂಪಡಿಸುವ ಈಚಿನ ಎಂಜಿನ್ನುಗಳಲ್ಲಂತೂ ಒಳಬರುವ ವಾಲ್ವಿನ ಮೇಲೆ ಪೆಟ್ರೋಲ್ ಬೀಳುವುದೇ ಇಲ್ಲ. ಟ್ಯಾಂಕಿಗೆ ಏನು ಸುರಿದರೂ ಅಲ್ಲಿಯ ಮಸಿಯನ್ನು ಅದು ಮುಟ್ಟದು.

ಆಕ್ಟೇನ್ ಹೆಚ್ಚಿಸುವ ಬಾಟಲಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳಲ್ಲಿ ಕೆಲವಕ್ಕೆ ಮ್ಯಾಂಗನೀಸಿನ ಸಂಯುಕ್ತವನ್ನು, ಕೆಲವಕ್ಕೆ ಕಬ್ಬಿಣದ ಸಂಯುಕ್ತವನ್ನು ಹಾಕಿರುತ್ತಾರೆ. ಕುಂಸಿಯ ಗಣಿಯ ಮ್ಯಾಂಗನೀಸೂ ಕೆಮ್ಮಣ್ಣುಗುಂಡಿಯ ಕಬ್ಬಿಣವೂ ನಮ್ಮ ಸೀಮೆಗೆ ಅನ್ನ ಕೊಟ್ಟ ಲೋಹಗಳು, ನಿಜ. ಆದರೆ ಎಂಜಿನ್ನಿನೊಳಗೆ ಅವು ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೆಂಪಗೆ ಕೂರುತ್ತವೆ, ಕನ್ವರ್ಟರಿನ ಮೇಲೆ ಪದರ ಕಟ್ಟುತ್ತವೆ. ಕೈಪಿಡಿಯಲ್ಲಿ 91 ಆಕ್ಟೇನ್ ಸಾಕೆಂದಿದ್ದರೆ 97 ಹಾಕಿದ ಮಾತ್ರಕ್ಕೆ ಕಾರು ಹೆಚ್ಚು ಓಡುವುದಿಲ್ಲ.

ಡೀಸೆಲ್ ಕಾರು ಇರುವವರಿಗೆ ಒಂದು ಮಾತು. ಹೊಸ ಡೀಸೆಲ್ ವಾಹನಗಳಲ್ಲಿ ನೀಲಿ ಮುಚ್ಚಳದ ಪ್ರತ್ಯೇಕ ತೊಟ್ಟಿಗೆ ಯೂರಿಯಾ ದ್ರಾವಣ ತುಂಬಿಸಬೇಕೆಂದಿದ್ದರೆ ಅದನ್ನು ತಪ್ಪದೆ ತುಂಬಿಸಿ. ಅದು ಹೊಗೆಯನ್ನು ಶುದ್ಧ ಮಾಡುವಂಥದ್ದು, ಇಂಧನಕ್ಕೆ ಬೆರೆಸುವಂಥದ್ದಲ್ಲ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಖರ್ಚು ಬಹಳ ಬರುತ್ತದೆ.

ಇನ್ನು ಎಥನಾಲ್. ಮಂಡ್ಯದ ಕಾಕಂಬಿಯ ಮದ್ಯಸಾರ ಈಗ ಪೂರ್ಣ ವೈಭವದಿಂದ ಹಿಂದಿರುಗಿದೆ. ದೇಶದಲ್ಲಿ 2022ರ ಜೂನ್ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡಾ 10 ಎಥನಾಲ್ ಆಗಿತ್ತು. ಶೇಕಡಾ 20ರ ಇ-20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆ ಮಾಡಿದರು. 2025ರಲ್ಲಿ ಅದು ದೇಶಾದ್ಯಂತ ಸಾಮಾನ್ಯವಾಯಿತು. ಕಬ್ಬಿನಿಂದ ಮಾತ್ರವಲ್ಲ, ಅಕ್ಕಿಯಿಂದಲೂ ಶಿಕಾರಿಪುರ ಕಡೆಯ ರೈತರು ಬೆಳೆಯುವ ಮುಸುಕಿನ ಜೋಳದಂಥ ಧಾನ್ಯದಿಂದಲೂ ಎಥನಾಲ್ ತಯಾರಾಗುತ್ತದೆ. ಅಷ್ಟೇ ಅಳತೆಯ ಪೆಟ್ರೋಲಿಗೆ ಹೋಲಿಸಿದರೆ ಎಥನಾಲಿನಲ್ಲಿ ಶಕ್ತಿ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಆದುದರಿಂದ ಮೈಲೇಜ್ ಸ್ವಲ್ಪ ಇಳಿದರೆ ಗಾಬರಿಪಟ್ಟು ಬಾಟಲಿ ಕೊಳ್ಳಬೇಡಿ. ಇಲ್ಲದ ಶಕ್ತಿಯನ್ನು ಬಾಟಲಿ ತಂದುಕೊಡಲಾರದು. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರು, ಕೊಳವೆಗಳು ಇ-20ಗೆ ತಾಳಿಕೊಳ್ಳುವಂಥವು. ಅದಕ್ಕೂ ಹಳೆಯ ಕಾರು, ಸ್ಕೂಟರುಗಳಿದ್ದವರು ಕೊಳವೆಗಳನ್ನು ಮೆಕ್ಯಾನಿಕ್ಕಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಮಲೆನಾಡಿನವರಿಗೆ ಇದರಲ್ಲಿ ವಿಶೇಷವಾದ ಒಂದು ತೊಡಕಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಕೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಎಂಜಿನ್ನು ಮೊದಲು ಕುಡಿಯುವುದು ಆ ತಳದ್ದನ್ನೇ. ದಿನವೂ ಓಡುವ ಕಾರಿಗೆ ಈ ಭಯವಿಲ್ಲ. ನನ್ನ ಬಂಧುಗಳಲ್ಲಿ ಕೆಲವರು ಬೆಂಗಳೂರಿನಲ್ಲಿದ್ದು, ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಒಂದು ಕಾರನ್ನೋ ಬೈಕನ್ನೋ ಬಿಟ್ಟು, ಜೂನ್‌ನಿಂದ ಸೆಪ್ಟೆಂಬರಿನವರೆಗೆ ಅದರ ಮುಖ ನೋಡುವುದಿಲ್ಲ. ಹಾಗೆ ಬಿಡುವವರು ಮಳೆ ಹಿಡಿಯುವ ಮೊದಲು ಟ್ಯಾಂಕನ್ನು ಪೂರ್ತಿ ತುಂಬಿಸಿ, ಒಳಗೆ ಗಾಳಿಗೆ ಜಾಗ ಕಡಿಮೆಯಿರಲಿ. ಮುಚ್ಚಳದ ರಬ್ಬರು ಬಿರುಕು ಬಿಟ್ಟಿದೆಯೇ ನೋಡಿ. ಮನೆಯಲ್ಲಿ ಲೈಸೆನ್ಸ್ ಇರುವವರು ಯಾರಾದರೂ ಇದ್ದರೆ ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ ತರಲಿ. ಯಾರೂ ಇಲ್ಲದಿದ್ದರೆ ಬ್ಯಾಟರಿಯ ತಂತಿಯನ್ನು ಬಿಚ್ಚಿಟ್ಟು ಹೋಗಿ. ಪೆಟ್ರೋಲು ಕೆಡುವ ಮೊದಲೇ ಬ್ಯಾಟರಿ ಸತ್ತಿರುತ್ತದೆ. ಮುಚ್ಚಿಟ್ಟ ಬಾನೆಟ್ಟಿನ ಕೆಳಗೆ ಇಲಿಗಳು ಗೂಡು ಕಟ್ಟಿ ವೈರು ಕಡಿಯುವುದೂ ನಮ್ಮ ಕಡೆ ಸಾಮಾನ್ಯ. ಗಣೇಶನ ಹಬ್ಬಕ್ಕೆ ಬಂದವರು ಗಾಡಿಗೆ ಕೀಲಿ ತಿರುಗಿಸುವ ಮೊದಲು ಬಾನೆಟ್ ಎತ್ತಿ ನೋಡಿರಿ.